ಜೋಡಿ ಸಿಕ್ಕವರು ಹೊರಗೆ

2352ರ ವರ್ಗಮೂಲ ಕೇಳಿದರೆ ಕ್ಯಾಲ್ಕುಲೇಟರ್ 48.497 ಎಂದು ಶುರುಮಾಡುತ್ತದೆ. ಆ ದಶಮಾಂಶದ ಬಾಲಕ್ಕೆ ಕೊನೆಯಿಲ್ಲ. ಅದೇ ಸಂಖ್ಯೆಯ ಪಕ್ಕ ಗೆರೆ ಎಳೆದು 2ರಿಂದ ಭಾಗಿಸುತ್ತ ಇಳಿಯಿರಿ. 1176, 588, 294, 147. ಇಲ್ಲಿ 2 ಕೈಕೊಡುತ್ತದೆ. ಅಂಕಿಗಳ ಮೊತ್ತ 12, ಹಾಗಾಗಿ 3ರ ಸರದಿ: 49. ಆಮೇಲೆ 7, ಮತ್ತೆ 7.

ನನಗೆ ತೀರಾ ಇಷ್ಟವಾಗುವುದು ಮುಂದಿನ ಗಳಿಗೆ, ಪೆನ್ಸಿಲ್ಲಿನಿಂದ ಜೋಡಿಗಳಿಗೆ ಸುತ್ತು ಹಾಕುವುದು. ಎರಡು ಜೋಡಿ 2, ಒಂದು ಜೋಡಿ 7. ಪ್ರತಿ ಜೋಡಿಯಿಂದ ಒಬ್ಬರಂತೆ ಕರಣಿಯ ಹೊಸಿಲು ದಾಟುತ್ತಾರೆ. 2, 2, 7 ಗುಣಿಸಿದರೆ 28. ಜೊತೆ ಸಿಗದ 3 ಒಳಗೇ ಉಳಿಯಿತು. 28√3! ಎಳ್ಳಷ್ಟೂ ಸವೆಯದ, ಪೂರ್ತಿ ನಿಖರ ಉತ್ತರ. 7ರಿಂದಲೇ ಒಡೆಯಲು ಹೊರಟರೂ (ಮಾಡಿ ನೋಡಿ) ಇವೇ ಅಪವರ್ತನಗಳು ಸಿಗುತ್ತವೆ. ಗಣಿತಜ್ಞ ಗೌಸ್ 1801ರ ತನ್ನ ಗ್ರಂಥದಲ್ಲಿ ಸಾಧಿಸಿ ತೋರಿಸಿದ್ದು ಇದನ್ನೇ.