ಕಾಗೆಬಂಗಾರದ ಉಗುರು

ಮದುವೆಯ ಹಂಗಾಮು ಮುಗಿದು ಮಳೆ ಹಿಡಿದುಕೊಳ್ಳುವ ಹೊತ್ತಿಗೆ, ಹೆಣ್ಣುಮಕ್ಕಳಿರುವ ಮನೆಗಳ ಕನ್ನಡಿ ಮುಂದೆ ಒಡೆದ ಐಶ್ಯಾಡೋ ಡಬ್ಬಿ ಒಂದಾದರೂ ಬಿದ್ದಿರುತ್ತದೆ. ತಾಮ್ರದ ಬಣ್ಣ ತಳ ಕಂಡಿರುತ್ತದೆ, ಬೆಳ್ಳಿ ಬಿರುಕು ಬಿಟ್ಟಿರುತ್ತದೆ, ಹಸಿರನ್ನು ಯಾರೂ ಮುಟ್ಟಿಯೇ ಇರುವುದಿಲ್ಲ. ಡಬ್ಬಿಯ ಬೆನ್ನಿನ ಮೇಲಿನ ತಾರೀಖು ಎಂದೋ ದಾಟಿದೆ. ಇನ್ನು ಅದನ್ನು ಕಣ್ಣಿಗೆ ಹಚ್ಚಬಾರದು. ಪುಡಿ ಕೂಡಿಕೊಳ್ಳಲೆಂದು ಬೆರೆಸಿದ ಎಣ್ಣೆಯಂಶ ಹಳಸಿರುತ್ತದೆ, ಬೆರಳಿನ ಕೊಳೆ ಸೇರಿರುತ್ತದೆ. ಆದರೆ ಅದರೊಳಗಿನ ಮಿನುಗಿಗೆ ಏನೂ ಆಗಿರುವುದಿಲ್ಲ. ಮಿನುಗೆಂದರೆ ಬಹುಪಾಲು ಅಭ್ರಕವೇ, ನಮ್ಮ ಅಜ್ಜಿಯಂದಿರು ಕಾಗೆಬಂಗಾರ ಎನ್ನುತ್ತಿದ್ದ ಕಲ್ಲು. ಕೋಟಿಗಟ್ಟಲೆ ವರ್ಷ ನೆಲದೊಳಗಿದ್ದು ಬಂದ ಕಲ್ಲು ಎರಡು ವರ್ಷಕ್ಕೆ ಕೆಡುತ್ತದೆಯೇ? ಕಣ್ಣಿನ ರೆಪ್ಪೆಯಿಂದ ಉಗುರಿಗೆ ಇಳಿದರೆ ಅದಕ್ಕೆ ಎರಡನೆಯ ಆಯುಷ್ಯ ಸಿಗುತ್ತದೆ. ಮೊದಲನೆಯದಕ್ಕಿಂತ ಎರಡನೆಯದೇ ಚೆಂದವೆಂದು ನಾನು ನಂಬಿದ್ದೇನೆ.

ನನಗೆ ಇದನ್ನು ಕಲಿಸಿದವಳು ಭದ್ರಾವತಿಯಲ್ಲಿರುವ ತಂಗಿಯ ಮಗಳು. ಕೆಲಸಕ್ಕೆ ಬೇಕಾದ್ದು ಶಿವಮೊಗ್ಗದ ಗಾಂಧಿ ಬಜಾರಿನ ಫ್ಯಾನ್ಸಿ ಅಂಗಡಿಯಿಂದ ತಂದ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಬಾಟಲಿ, ಮನೆಯಲ್ಲಿ ಉಳಿದ ಒಂದು ಗಾಢ ಬಣ್ಣ, ಹಲ್ಲುಕಡ್ಡಿ, ಐಶ್ಯಾಡೋ ಜೊತೆಗೇ ಬಂದಿದ್ದ ಸ್ಪಂಜಿನ ಕಡ್ಡಿ. ಪುಡಿಯನ್ನು ಕಾಗದದ ಮೇಲೆ ಹಾಕಿ ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಬೇಕು. ಕುಟ್ಟಿದರೆ, ಅರೆದರೆ ಅಭ್ರಕದ ಹಾಳೆಗಳು ಮುರಿದು ಮಿನುಗು ಮಂಕಾಗುತ್ತದೆ. ಒತ್ತಿದ್ದನ್ನು ತೆಳುವಾದ ಹತ್ತಿ ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಫ್ಯಾನು ಆರಿಸಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಮಾಡಬೇಕು, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನೇಲ್ ಪಾಲಿಶಿನ ಬಾಟಲಿ ತೆರೆದಾಗ ಹತ್ತಿರದಲ್ಲಿ ದೀಪವಾಗಲಿ ಒಲೆಯಾಗಲಿ ಉರಿಯುತ್ತಿರಬಾರದು.

ಪುಡಿಯನ್ನು ಕಾಗದದ ಕೊಳವೆ ಮಾಡಿ ಬಾಟಲಿಯೊಳಗೇ ಸುರಿದು ಅಲ್ಲಾಡಿಸುವವರಿದ್ದಾರೆ. ಹಾಗೂ ಮಾಡಬಹುದು. ಆದರೆ ಬಣ್ಣವಿಲ್ಲದ ಪಾಲಿಶಿನಲ್ಲಿ ಪುಡಿಯನ್ನು ತೇಲಿಸಿ ಹಿಡಿಯುವ ಜೇಡಿಯಂಥ ವಸ್ತು ಸಾಮಾನ್ಯವಾಗಿ ಇರುವುದಿಲ್ಲ, ಮಿನುಗೆಲ್ಲ ತಳಕ್ಕೆ ಕೂರುತ್ತದೆ. ಕುಂಚದಲ್ಲಿ ಬಳಿದಾಗಲೂ ಚೂರುಗಳು ದಿಕ್ಕುದಿಕ್ಕಿಗೆ ನಿಲ್ಲುತ್ತವೆ. ನನ್ನ ಮನಸ್ಸು ಒಪ್ಪುವುದು ಒತ್ತಿ ಕೂರಿಸುವ ವಿಧಾನ. ಗಾಢ ಬಣ್ಣ ಬಳಿದು, ಅದು ಪೂರ್ತಿ ಒಣಗುವ ಮುಂಚೆ, ಬೆರಳಿಟ್ಟರೆ ಅಂಟೀತು ಆದರೆ ಗುರುತು ಬೀಳದು ಎನ್ನುವ ಹದದಲ್ಲಿ, ಸ್ಪಂಜಿನಿಂದ ಪುಡಿಯನ್ನು ಒತ್ತಿ ಒಂದೇ ದಿಕ್ಕಿನಲ್ಲಿ ಉಜ್ಜಬೇಕು. ಪಾಕದ ಹದ ನೋಡಿ ಬಲ್ಲ ಕೈಗೆ ಇದು ಬೇಗ ಒಗ್ಗುತ್ತದೆ.

“ದೊಡ್ಡಮ್ಮ, ಕೈ ಅಲ್ಲಾಡಿಸ್ಬೇಡಿ, ಈಗ ಬರುತ್ತೆ ನೋಡಿ” ಎಂದಳು ಆಕೆ. ಬಂತು. ಮೊದಲೆರಡು ಉಜ್ಜಿಗೆ ಬರೀ ಧೂಳು ಕೂತಂತಿತ್ತು. ಮೂರನೆಯದಕ್ಕೆ ಚೂರುಗಳೆಲ್ಲ ಮಲಗಿದವು, ನಮ್ಮ ಮಲೆನಾಡಿನ ಹಂಚಿನ ಮಾಡಿನಂತೆ ಒಂದರಂಚಿನ ಮೇಲೊಂದು. ಕಪ್ಪು ಉಗುರಿನ ನಡುವಿನಿಂದ ತಾಮ್ರದ ಒಂದು ಗೆರೆ ಎದ್ದು, ಬೆರಳು ಬಾಗಿಸಿದತ್ತ ಜಾರಿತು. ಆ ಗೆರೆ ಉಗುರಿನಲ್ಲಿ ಎಲ್ಲೂ ನಿಂತಿಲ್ಲ. ಬೆಳಕು, ಬೆರಳು, ಕಣ್ಣು ಮೂರೂ ಕೂಡಿದ ಕಡೆ ಮಾತ್ರ ಹುಟ್ಟುತ್ತದೆ, ಒಂದು ಕದಲಿದರೂ ಇನ್ನೊಂದು ಕಡೆಗೆ ಓಡುತ್ತದೆ.

ಇದರ ಗುಟ್ಟು ಪದರದಲ್ಲಿದೆ. ಒಂದೊಂದು ಅಭ್ರಕದ ಹಾಳೆಯ ಮೇಲೂ ಟೈಟಾನಿಯಂ ಡೈಆಕ್ಸೈಡಿನ ತೆಳು ಲೇಪವಿರುತ್ತದೆ. ಅದನ್ನು ಕೂರಿಸುವ ವಿದ್ಯೆ ಕಾರ್ಖಾನೆಗಳಿಗೆ ಬಂದದ್ದು 1960ರ ದಶಕದಲ್ಲಿ. ಅದಕ್ಕೂ ಮುಂಚೆ ಮುತ್ತಿನ ಹೊಳಪು ಬೇಕೆಂದರೆ ಮೀನಿನ ಹುರುಪೆಯಿಂದ ತೆಗೆದ ಗ್ವಾನಿನ್ ಹರಳುಗಳನ್ನೂ ಬಳಸುತ್ತಿದ್ದರು. ಲೇಪದ ಮೇಲ್ಮೈಯಿಂದ ಒಂದಿಷ್ಟು ಬೆಳಕು ಮರಳುತ್ತದೆ, ಅಡಿಯಿಂದ ಇನ್ನೊಂದಿಷ್ಟು. ಎರಡೂ ಕೂಡಿದಾಗ ಕೆಲವು ಬಣ್ಣ ಬಲಿಯುತ್ತವೆ, ಕೆಲವು ಅಳಿಯುತ್ತವೆ. ಲೇಪ ಸುಮಾರು 50 ನ್ಯಾನೊಮೀಟರ್ ಇದ್ದರೆ ಬೆಳ್ಳಿ. ಸ್ವಲ್ಪ ದಪ್ಪಗಾದರೆ ಚಿನ್ನ, ಆಮೇಲೆ ಕೆಂಪು, ನೀಲಿ, ಕೊನೆಗೆ ಹಸಿರು. ಒಂದು ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು ನ್ಯಾನೊಮೀಟರ್. ಅಷ್ಟು ಸಣ್ಣ ಅಂತರದಲ್ಲಿ ಬೆಳ್ಳಿ ಬಂಗಾರವಾಗುತ್ತದೆ ಎಂದು ತಿಳಿದ ಮೇಲೆ ಉಗುರನ್ನು ನೋಡುವ ನೋಟವೇ ಬೇರೆಯಾಯಿತು. ತಳಕ್ಕೆ ಕಪ್ಪು, ಕಡುನೀಲಿ ಇರಬೇಕೆನ್ನುವುದೂ ಇದಕ್ಕೇ: ಚೂರುಗಳನ್ನು ದಾಟಿಹೋದ ಬೆಳಕನ್ನು ಗಾಢ ಬಣ್ಣ ನುಂಗಿಬಿಡುತ್ತದೆ, ಮರಳಿದ್ದಷ್ಟೇ ಕಾಣುತ್ತದೆ. ಬಿಳಿಯ ಮೇಲೆ ಹಚ್ಚಿದರೆ ಹಾಲಿನಂಥ ಮಂದ ಹೊಳಪು ಉಳಿಯುತ್ತದೆ, ಅದೂ ಇಷ್ಟವಾದವರಿಗೆ ಇಷ್ಟ.

ತಾಮ್ರದ, ಕಂಚಿನ ಬಣ್ಣಗಳ ಕಥೆ ಬೇರೆ. ಅವುಗಳಲ್ಲಿ ಅಭ್ರಕದ ಮೇಲೆ ಕೂತಿರುವುದು ಕಬ್ಬಿಣದ ಆಕ್ಸೈಡ್. ಸೌಂದರ್ಯವರ್ಧಕಕ್ಕೆ ಬೇಕಾದ ಶುದ್ಧಿಗಾಗಿ ಅದನ್ನು ಕಾರ್ಖಾನೆಯಲ್ಲೇ ತಯಾರಿಸುತ್ತಾರೆ. ಆದರೆ ಕುಲ ಒಂದೇ, ಕೆಮ್ಮಣ್ಣುಗುಂಡಿಯ ಬೆಟ್ಟವನ್ನು ಕೆಂಪಾಗಿಸಿದ್ದು ಅದೇ. ಆ ಬೆಟ್ಟದ ಅದಿರು ಇಳಿದು ಬಂದು ಕರಗಿದ್ದು ಭದ್ರಾವತಿಯ ಕುಲುಮೆಯಲ್ಲಿ. ಕಬ್ಬಿಣದ ಊರಿನ ಹುಡುಗಿ ತನ್ನ ಡಬ್ಬಿಯ ಐದು ಬಣ್ಣಗಳಲ್ಲಿ ಮೊದಲು ತಾಮ್ರವನ್ನೇ ಖಾಲಿ ಮಾಡಿದ್ದು ನನಗೆ ಹಿತವಾಗಿ ಕಂಡಿತು.

ಅಭ್ರಕ ಎಲ್ಲಿಂದ ಬರುತ್ತದೆ ಎಂಬುದನ್ನೂ ಹೇಳಬೇಕು. ಜಾರ್ಖಂಡದ ಕೋಡರ್ಮಾ, ಗಿರಿಡೀಹ್ ಕಡೆ ಬಡ ಕುಟುಂಬಗಳು ನೆಲ ಬಗೆದು ಇದನ್ನು ಆರಿಸುತ್ತವೆ, ಮಕ್ಕಳೂ ಆ ಗುಂಡಿಗಳಿಗೆ ಇಳಿದಿದ್ದಾರೆ. ಅಷ್ಟು ಕಷ್ಟದಿಂದ ಮೇಲೆ ಬಂದ ಹೊಳಪನ್ನು ಅರ್ಧ ಬಳಸಿ ಕಸಕ್ಕೆ ಎಸೆಯಲು ನನ್ನ ಕೈ ಬರುವುದಿಲ್ಲ. ಸಲೂನಿನ ಖರ್ಚು ಉಳಿಯುತ್ತದೆ, ನಿಜ. ಅದು ನನಗೆ ಎರಡನೆಯ ಕಾರಣ.

ಈ ಮಿನುಗಿಗೆ ಹೊಂದುವ ಬೆಳಕು ಶಿವಮೊಗ್ಗದ ಮಳೆಗಾಲದ್ದು. ಬಿರುಬಿಸಿಲಿನಲ್ಲಿ ಎಲ್ಲವೂ ಒಟ್ಟಿಗೆ ಹೊಳೆದು ಕಣ್ಣು ಕುಕ್ಕುತ್ತದೆ. ಆಷಾಢದ ಮೋಡದ ಕೆಳಗೆ, ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನ ಕಿಟಕಿಯ ಕಂಬಿ ಹಿಡಿದು ಕೂತಾಗ, ಬೂದಿ ಬೆಳಕಿನಲ್ಲಿ ತಾಮ್ರ ಒಳಗಿನಿಂದ ಕಾಯ್ದಂತೆ ಕಾಣುತ್ತದೆ. ಸಂಜೆ ಕರೆಂಟು ಹೋಗಿ ದೀಪ ಹಚ್ಚಿದಾಗ ಇನ್ನೂ ಒಂದು ಬಣ್ಣ. ಅಂಗಡಿಯ ಗ್ಲಿಟರಿನಲ್ಲಿ ಈ ಏರಿಳಿತವಿಲ್ಲ. ಅದು ಸಾಮಾನ್ಯವಾಗಿ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿದ ತುಣುಕು, ಎಲ್ಲ ಬೆಳಕಿಗೂ ಒಂದೇ ಉತ್ತರ ಕೊಡುತ್ತದೆ.

ಅಡಿಕೆ ಸುಲಿಯುವ ಕೈಗಳಿಗೆ ಇದು ಒಪ್ಪುವಷ್ಟು ಇನ್ಯಾವ ಕೈಗೂ ಒಪ್ಪುವುದಿಲ್ಲ ಎಂದು ನನಗನ್ನಿಸುತ್ತದೆ. ಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆಯ ಕರೆ ಬೆರಳ ತುದಿಗಳಿಗೆ ಹತ್ತಿ ವಾರಗಟ್ಟಲೆ ಹೋಗುವುದಿಲ್ಲ. ಕೆಂಪು ಪಾಲಿಶು ಹಚ್ಚಿದರೆ ಕರೆ ಇನ್ನಷ್ಟು ಎದ್ದು ಕಾಣುತ್ತದೆ. ಕಂಚಿನ ಮಿನುಗು ಅದರ ಜೊತೆ ಸೇರಿಕೊಳ್ಳುತ್ತದೆ. ಸುಲಿದು ಸುಲಿದು ಕಪ್ಪಾದ ಬೆರಳು, ತುದಿಯಲ್ಲಿ ಕಂಚು: ಮದುವೆ ಮನೆಯ ಪಂಕ್ತಿಯಲ್ಲಿ ಅಂಥದೊಂದು ಕೈ ಹೋಳಿಗೆ ಬಡಿಸಿಕೊಂಡು ಹೋಯಿತು. ನಾನು ಹೋಳಿಗೆಗಿಂತ ಹೆಚ್ಚು ಹೊತ್ತು ಕೈಯನ್ನೇ ನೋಡಿದೆ.

ಕೈಯಲ್ಲೇ ಕಲಸಿ ಉಣ್ಣುವ ನಮಗೆ ಮೇಲಿನ ಕೋಟು ಮುಖ್ಯ. ಬಣ್ಣವಿಲ್ಲದ ಪಾಲಿಶನ್ನು ಎರಡು ಬಾರಿ, ಉಗುರಿನ ತುದಿಯ ಅಂಚನ್ನೂ ಮುಚ್ಚುವಂತೆ ಎಳೆಯಬೇಕು. ಇಲ್ಲದಿದ್ದರೆ ಪುಡಿ ಅನ್ನಕ್ಕೆ ಇಳಿಯುತ್ತದೆ. ಅರಿಸಿನ ಮುಟ್ಟಿದರೆ ಆ ಕೋಟು ಹಳದಿಗಟ್ಟುತ್ತದೆ. ಬೆಳ್ಳಿ ಹಚ್ಚಿಕೊಂಡು ಹುಳಿ ಮಾಡಿದವರ ಉಗುರು ಸಂಜೆಗೆ ನಸುಚಿನ್ನ. ನನಗಂತೂ ಆ ನಸುಚಿನ್ನವೇ ಹೆಚ್ಚು ಇಷ್ಟ.

ತೆಗೆಯುವಾಗ ಮಿನುಗು ಹಠ ಮಾಡುತ್ತದೆ. ಅದಕ್ಕೆ ಅಸಿಟೋನ್ ಬೇಕು. ಅಸಿಟೋನಿನ ಕಥೆಯೂ ಭದ್ರಾವತಿಗೇ ಮರಳುತ್ತದೆ: ಹಿಂದೆ ಬೆಂಕಿಪುರ ಎಂದಿದ್ದ ಆ ಊರಿನಲ್ಲಿ 1918ರಲ್ಲಿ ಶುರುವಾದ ಕಾರ್ಖಾನೆಯ ಹೆಸರು ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಕಬ್ಬಿಣ ಕರಗಿಸಲು ಇದ್ದಿಲು ಬೇಕಿತ್ತು. ಮಲೆನಾಡಿನ ಮರವನ್ನು ಮುಚ್ಚಿದ ಪಾತ್ರೆಯಲ್ಲಿ ಸುಟ್ಟಾಗ ಏಳುವ ಹೊಗೆಯನ್ನು ತಣಿಸಿ, ಅದರಿಂದ ಮೆಥೈಲ್ ಆಲ್ಕೋಹಾಲ್, ಟಾರು, ಸುಣ್ಣದ ಅಸಿಟೇಟ್ ತೆಗೆಯುತ್ತಿದ್ದರು. ಆ ಅಸಿಟೇಟನ್ನು ಕಾಯಿಸಿದರೆ ಹುಟ್ಟುವುದೇ ಅಸಿಟೋನ್, ಒಂದು ಕಾಲಕ್ಕೆ ಜಗತ್ತು ಅದನ್ನು ಪಡೆಯುತ್ತಿದ್ದ ಮುಖ್ಯ ದಾರಿಯೂ ಅದೇ. ಇಂದಿನ ರಿಮೂವರಿನದು ಪೆಟ್ರೋಲಿಯಂ ಮೂಲದ್ದು. ಹತ್ತಿಯನ್ನು ಅದರಲ್ಲಿ ನೆನೆಸಿ, ಉಗುರಿನ ಮೇಲಿಟ್ಟು, ಅಡುಗೆಮನೆಯ ಫಾಯಿಲ್ ಸುತ್ತಿ ಐದು ನಿಮಿಷ ಬಿಟ್ಟು ಒಂದೇ ಎಳೆತಕ್ಕೆ ತೆಗೆಯಬೇಕು. ತಿಕ್ಕಿದರೆ ಪುಡಿ ಉಗುರಿನ ಸಂದಿಗೆ ಹೋಗಿ ಕೂರುತ್ತದೆ. ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಉಗುರನ್ನು ಒಂದೆರಡು ದಿನ ಬರಿದಾಗಿ ಬಿಡಬೇಕು. ಮುಂದಿನ ಸರದಿ ಯಾರೂ ಮುಟ್ಟದ ಆ ಹಸಿರಿನದು, ಅದಕ್ಕೆ ಕಪ್ಪು ತಳವೇ ಆಗಬೇಕು.