ಉಪಸಂಹಾರ ಮೊದಲೇ ಗೊತ್ತಿದ್ದರೆ

ಧಾರವಾಡದಿಂದ ಪುಣೆಗೆ ಬಂದು ಕಾಲೇಜು ಸೇರಿದ ಮೊದಲ ವರ್ಷ, ಇಂಗ್ಲಿಷ್ ಪ್ರಬಂಧದ ತರಗತಿಯಲ್ಲಿ ನಮಗೊಂದು ಅಚ್ಚು ಕೊಟ್ಟರು: ಪೀಠಿಕೆ, ಮೂರು ಅಂಶ, ಉಪಸಂಹಾರ. ‘ನಾನು’ ಮಾತ್ರ ಬರಕೂಡದು. ‘ನನ್ನ ಊರು’ ಎಂಬ ವಿಷಯಕ್ಕೂ ಇದೇ ನಿಯಮ! ಮಳೆ, ಪೇಡಾ, ಸಂಗೀತ ಅಂತ ಮೂರು ಅಂಶ ಜೋಡಿಸಿದೆ; ಅಂಕ ಚೆನ್ನಾಗಿಯೇ ಬಂತು. ರಜೆಗೆ ಹೋದಾಗ ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. “ಇದನ್ನ ಯಾರರ ಬರೀಬಹುದಲ್ಲೋ, ಇದರಾಗ ನೀ ಎಲ್ಲಿ ಅದೀ?” ಅಂದಳು.

ಆ ಅಚ್ಚನ್ನು ಪೂರ್ತಿ ಹಳಿಯಲಾರೆ. ಹರಟೆಗೆ ಜಾರುವ ನನಗೆ ಒಂದಾದ ಮೇಲೊಂದು ಹೇಳುವ ಶಿಸ್ತು ಕಲಿಸಿದ್ದು ಅದೇ. ಆದರೆ ಉಪಸಂಹಾರ ಮೊದಲೇ ಗೊತ್ತಿದ್ದರೆ ಬರೆಯುತ್ತ ಹುಡುಕುವುದೇನು? 1580ರಲ್ಲಿ ಫ್ರಾನ್ಸಿನ ಮೊಂತೇನ್ ತನ್ನ ಬರಹಗಳನ್ನು ‘ಎಸ್ಸೆ’ ಎಂದು ಕರೆದಾಗ ಆ ಪದದ ಅರ್ಥ ಪ್ರಯತ್ನ, ಪರೀಕ್ಷೆ. ಅವನು ಪರೀಕ್ಷೆಗೆ ಒಡ್ಡಿದ್ದು ತನ್ನನ್ನೇ. ನಮ್ಮ ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಓದಿ ನೋಡಿ: ಅಲ್ಲಿ ‘ನಾನು’ ಇದ್ದಾನೆ, ಜಂಬವಿಲ್ಲ.

ಪರವೂರಿನಲ್ಲಿ ಕೂತು ಊರಿನ ಬಗ್ಗೆ ಬರೆಯುವ ನಾವು ಈಗಲೂ ಅದೇ ಅಚ್ಚು ಹಿಡಿಯುತ್ತೇವೆ: ಮಳೆ, ಪೇಡಾ, ಕೊನೆಗೊಂದು ನಿಟ್ಟುಸಿರು. ಅವ್ವನ ಪ್ರಶ್ನೆಗೆ ನಾನಿನ್ನೂ ಉತ್ತರ ಬರೆದಿಲ್ಲ.