ತಾಂತ್ರಿಕ ಶಿಕ್ಷಣದಲ್ಲಿ ವಿದ್ಯಾವಿನಿಮಯ: ಪೀಣ್ಯದ ನಿದರ್ಶನ

ವಿನಿಮಯವೆಂದರೆ ಕೊಡುವುದೂ ಹೌದು, ಕೊಳ್ಳುವುದೂ ಹೌದು. ಒಂದೇ ಕಡೆಯಿಂದ ಹರಿದುಬರುವುದನ್ನು ನೆರವೆನ್ನಬಹುದೇ ವಿನಾ ವಿನಿಮಯವೆನ್ನಲಾಗದು. ದೇಶದೇಶಗಳ ನಡುವಣ ತಾಂತ್ರಿಕ ವಿದ್ಯಾಭ್ಯಾಸದ ಸಹಕಾರವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಬೆಂಗಳೂರಿನ ತುಮಕೂರು ರಸ್ತೆ ಮತ್ತು ಪೀಣ್ಯದ ಪ್ರದೇಶ ಇದಕ್ಕೆ ತಕ್ಕ ನಿದರ್ಶನ.

1962ರಲ್ಲಿ ಝೆಕೊಸ್ಲೊವಾಕಿಯದ ತಾಂತ್ರಿಕ ನೆರವಿನಿಂದ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಇಲ್ಲಿ ರೂಪುಗೊಂಡಿತು. ಇಂದು ಅದು ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯೆನಿಸಿದೆ. 1971ರಲ್ಲಿ ಸ್ಥಾಪಿತವಾದ ಫೋರ್‌ಮನ್ ತರಬೇತಿ ಸಂಸ್ಥೆಗೆ ಪಶ್ಚಿಮ ಜರ್ಮನಿ ನೆರವಾಯಿತು. 1959ರಲ್ಲಿ ಸ್ವಿಸ್ ಸಹಾಯದಿಂದ ತಲಶ್ಶೇರಿಯ ನೆಟ್ಟೂರಿನಲ್ಲಿ ಜನಿಸಿದ ಎನ್.ಟಿ.ಟಿ.ಎಫ್. ಮುಂದೆ ಪೀಣ್ಯದಲ್ಲಿ ತನ್ನ ಕೇಂದ್ರವನ್ನು ಹೂಡಿತು.

ಈ ಸಹಕಾರದಿಂದ ನಮಗೆ ಯಂತ್ರಗಳು ಮಾತ್ರವಲ್ಲ, ಒಂದು ಬೋಧನಕ್ರಮವೂ ಲಭಿಸಿತು. ಅರ ಹಿಡಿದು ಲೋಹವನ್ನು ಉಜ್ಜಿ ಸಮತಲ ಮಾಡಬಲ್ಲವನೇ ಯಂತ್ರದ ಮುಂದೆ ನಿಲ್ಲಲು ಅರ್ಹನೆಂಬುದು, ಗಣಿತವೂ ಕಾರ್ಯಶಾಲೆಯೂ ಬೇರೆಯಲ್ಲವೆಂಬುದು ಮಧ್ಯ ಯುರೋಪಿನ ಅಪ್ರೆಂಟಿಸ್ ಪದ್ಧತಿಯ ತಿರುಳು. ವಿದೇಶೀ ತಜ್ಞರು ಹಿಂತಿರುಗಿದ ಮೇಲೂ ಅವರ ಕ್ರಮ ಇಲ್ಲಿಯ ಕೆಲಸಗಾರರ ಕೈಯಲ್ಲಿ ಉಳಿಯಿತು. ಸಹಕಾರದ ಸಾರ್ಥಕ್ಯವನ್ನು ಅಳೆಯಬೇಕಾದುದು ಹೀಗೆ.

ಈಚಿನ ಪರಿಪಾಠ ಬೇರೆ. ನ್ಯಾಕ್ ಮೌಲ್ಯಾಂಕನದಲ್ಲಿ ಒಡಂಬಡಿಕೆಗಳ ಸಂಖ್ಯೆಗೂ ಸ್ಥಾನ ದೊರೆತ ಮೇಲೆ ಸಹಿಗಳನ್ನು ಎಣಿಸುವುದೇ ಸಾಧನೆಯೆನಿಸುವ ಅಪಾಯವಿದೆ. ವಿದ್ಯಾರ್ಥಿ ಒಂದು ಋತುಮಾನ ಹೊರದೇಶದಲ್ಲಿದ್ದು ಬಂದನೆಂಬುದು ವರದಿಗೆ ಸಾಲುತ್ತದೆ. ಅವನು ತಂದದ್ದೇನು, ಅಲ್ಲಿ ಇತ್ತದ್ದೇನು ಎಂಬ ಪ್ರಶ್ನೆ ಉಳಿಯುತ್ತದೆ.

ಕೊಡಲು ನಮ್ಮಲ್ಲಿ ಏನೂ ಇಲ್ಲವೆಂದಲ್ಲ. 1964ರಲ್ಲಿ ಆರಂಭವಾದ ಐಟೆಕ್ ಯೋಜನೆಯ ಮೂಲಕ ಭಾರತ ಅನ್ಯದೇಶೀಯರಿಗೆ ತರಬೇತಿ ನೀಡುತ್ತ ಬಂದಿದೆ. ಹಳೆಯ ಲೇತನ್ನು ದುರಸ್ತಿಮಾಡಿ ಹೊಸ ಕೆಲಸಕ್ಕೆ ಒಗ್ಗಿಸುವ, ಅಲ್ಪ ಬಂಡವಾಳದಲ್ಲಿ ಸಣ್ಣ ಪ್ರಮಾಣದ ಬಿಡಿಭಾಗಗಳನ್ನು ತಯಾರಿಸುವ ಜಾಣ್ಮೆ ಪೀಣ್ಯದ ಚಿಕ್ಕ ಕಾರ್ಯಶಾಲೆಗಳಲ್ಲಿದೆ. ಬಂಡವಾಳದ ಅಭಾವವುಳ್ಳ ಎಷ್ಟೋ ದೇಶಗಳಿಗೆ ಅದು ಉಪಯುಕ್ತ. ಆದರೆ ಆ ಜ್ಞಾನದ ಬಹುಭಾಗ ಕನ್ನಡದ ಬಾಯ್ಮಾತಿನಲ್ಲಿದೆ. ಬರೆದಿಡದ ವಿದ್ಯೆ ಆ ಕೆಲಸಗಾರನೊಡನೆಯೇ ಮರೆಯಾಗುತ್ತದೆ.

ಆದುದರಿಂದ ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಮೊದಲು ಕಾರ್ಯಶಾಲೆಗೆ ಹೋಗಿ, ಅಲ್ಲಿಯ ಕ್ರಮಗಳನ್ನು ಚಿತ್ರ ಮತ್ತು ಅಳತೆಗಳೊಡನೆ ಕನ್ನಡದಲ್ಲಿ ದಾಖಲಿಸಬೇಕು. ಅನಂತರ ಅನ್ಯಭಾಷೆಗಳಿಗೆ ತರಬೇಕು. ಹೊರಗಿನಿಂದ ಬಂದ ವಿದ್ಯಾರ್ಥಿಗೆ ಉಪನ್ಯಾಸಮಂದಿರದೊಡನೆ ಈ ಕಾರ್ಯಶಾಲೆಯೂ ತೆರೆದಿರಬೇಕು. ಅಂದು ನಾವು ವಿನಿಮಯವೆಂಬ ಪದವನ್ನು ಸಂಕೋಚವಿಲ್ಲದೆ ಬಳಸಬಹುದು.